ಪುನರುತ್ಥಾನ ಮತ್ತು ದೈವಾಧಿಕಾರ: ಓದುಗರ ಪ್ರಶ್ನೆಗಳಿಗೆ ಉತ್ತರ

ಯೇಸುವಿನ ಪುನರುತ್ಥಾನದ ಕುರಿತು ಓದುಗರು ಬರೆದ ಪತ್ರಗಳಲ್ಲಿ ಎರಡು ವಿಚಾರಗಳು ಮತ್ತೆ ಮತ್ತೆ ಬಂದಿವೆ. ಆತನು ಸತ್ತವರೊಳಗಿಂದ ಎದ್ದನೆಂಬ ನಂಬಿಕೆಯ ನಿಜವಾದ ಅರ್ಥವೇನು ಎಂಬುದು ಒಂದು. ಆ ನಂಬಿಕೆಗೂ ಆತನಿಗೆ ಸಲ್ಲುತ್ತದೆಂದು ಕ್ರೈಸ್ತರು ಹೇಳುವ ದೈವಾಧಿಕಾರಕ್ಕೂ ಏನು ಸಂಬಂಧ ಎಂಬುದು ಇನ್ನೊಂದು. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ಲಾಜರನು ಸತ್ತು ಎದ್ದನು. ಯಾಯೀರನ ಮಗಳೂ ನಾಯಿನೆಂಬ ಊರಿನ ವಿಧವೆಯ ಮಗನೂ ಎದ್ದರು. ಹಳೆಯ ಒಡಂಬಡಿಕೆಯಲ್ಲಿ ಎಲೀಯನೂ ಎಲೀಷನೂ ಸತ್ತ ಮಕ್ಕಳನ್ನು ಬದುಕಿಸಿದ್ದಾರೆ. ಇವರನ್ನು ಯಾರೂ ದೇವರೆಂದು ಕರೆಯುವುದಿಲ್ಲ. ಹಾಗಿರುವಾಗ ಯೇಸು ಎದ್ದದ್ದನ್ನು ಮಾತ್ರ ಅಷ್ಟು ದೊಡ್ಡದಾಗಿ ಹೇಳುವುದೇಕೆ?

ಉತ್ತರ: ಸತ್ತವನು ಮತ್ತೆ ಬದುಕಿದನು ಎಂಬಷ್ಟೇ ಸಂಗತಿಯಿಂದ ಯಾರ ದೈವತ್ವವೂ ಸಿದ್ಧವಾಗುವುದಿಲ್ಲ ಎಂಬ ನಿಮ್ಮ ಮಾತನ್ನು ಮೊದಲು ಒಪ್ಪಿಕೊಳ್ಳಬೇಕು. ನಮ್ಮ ಎಷ್ಟೋ ಪ್ರಸಂಗಗಳು ಈ ಮಾತನ್ನು ದಾಟಿ ಮುಂದೆ ಓಡುತ್ತವೆ.

ಯೋಹಾನನ ಸುವಾರ್ತೆಯ 11ನೆಯ ಅಧ್ಯಾಯದಲ್ಲಿ ಲಾಜರನು ಹೊರಗೆ ಬಂದ ಬಗೆಯನ್ನು ಗಮನಿಸಿ. ಸತ್ತು ನಾಲ್ಕು ದಿನವಾಗಿತ್ತು. ಕರೆದ ಧ್ವನಿಗೆ ಓಗೊಟ್ಟು ಅವನು ಹೊರಗೆ ಬಂದಾಗ ಅವನ ಕೈಕಾಲುಗಳಿಗೆ ಬಟ್ಟೆ ಸುತ್ತಿತ್ತು, ಮುಖದ ಮೇಲೂ ವಸ್ತ್ರವಿತ್ತು; ಅವನ ಕಟ್ಟುಗಳನ್ನು ಬಿಚ್ಚಲು ಬೇರೆಯವರು ಬೇಕಾದರು. ಅದೇ ಸುವಾರ್ತೆಯ 20ನೆಯ ಅಧ್ಯಾಯದಲ್ಲಿ ಪೇತ್ರನು ಯೇಸುವಿನ ಸಮಾಧಿಯೊಳಗೆ ಹೊಕ್ಕು ನೋಡಿದಾಗ ನಾರುಬಟ್ಟೆಗಳು ಬಿದ್ದಿದ್ದವು, ತಲೆಗೆ ಸುತ್ತಿದ್ದ ವಸ್ತ್ರ ಮಾತ್ರ ಬೇರೊಂದು ಕಡೆಯಲ್ಲಿ ಸುತ್ತಿ ಇಟ್ಟಂತಿತ್ತು. ಒಂದೇ ಲೇಖಕನು ಬರೆದ ಈ ಎರಡು ಚಿತ್ರಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ಓದಿದರೆ ವ್ಯತ್ಯಾಸ ತಾನಾಗಿ ಕಾಣುತ್ತದೆ. ಲಾಜರನು ಸಾವಿನ ಬಟ್ಟೆಯನ್ನು ಹೊತ್ತುಕೊಂಡೇ ಹಿಂದಿನ ಬದುಕಿಗೆ ಮರಳಿದನು. ಸ್ವಲ್ಪ ಮುಂದೆ, 12ನೆಯ ಅಧ್ಯಾಯದಲ್ಲಿ, ಮಹಾಯಾಜಕರು ಅವನನ್ನೂ ಕೊಲ್ಲಬೇಕೆಂದು ಆಲೋಚಿಸಿದರೆಂದು ಬರೆದಿದೆ. ಅಂದರೆ ಅವನು ಮತ್ತೊಮ್ಮೆ ಸಾಯಬಲ್ಲವನಾಗಿದ್ದನು. ಯೇಸುವಿನ ವಿಷಯದಲ್ಲಾದರೋ, ಸತ್ತವರೊಳಗಿಂದ ಎದ್ದ ಕ್ರಿಸ್ತನು ಇನ್ನು ಸಾಯುವುದಿಲ್ಲ, ಮರಣಕ್ಕೆ ಆತನ ಮೇಲೆ ಹಿಡಿತವಿಲ್ಲ ಎಂದು ಪೌಲನು ರೋಮಾಪುರದವರಿಗೆ ಬರೆಯುತ್ತಾನೆ. ಲಾಜರನದು ಹಿಂದಿರುಗಿದ ಜೀವ. ಯೇಸುವಿನದು ಸಾವನ್ನು ಹಾದು ಅದರ ಆಚೆಗೆ ಹೋದ ಜೀವ.

ಇನ್ನೊಂದು ಸಂಗತಿ ಇದಕ್ಕಿಂತಲೂ ಮುಖ್ಯವಾದದ್ದು. ಲಾಜರನು ಕಾಯಿಲೆಯಿಂದ ಸತ್ತನು. ಅವನ ಮೇಲೆ ಯಾವ ಆರೋಪವೂ ಇರಲಿಲ್ಲ. ಯೇಸು ಸತ್ತದ್ದು ಎರಡು ತೀರ್ಪುಗಳ ಮೇಲೆ. ದೇವದೂಷಣೆ ಮಾಡಿದನೆಂದು ಯೆಹೂದ್ಯರ ಹಿರೀಸಭೆ ಆತನನ್ನು ತಪ್ಪಿತಸ್ಥನೆಂದಿತು. ಯೆಹೂದ್ಯರ ಅರಸನೆಂಬ ಫಲಕವನ್ನು ಶಿಲುಬೆಗೆ ಹಚ್ಚಿಸಿ ರೋಮಿನ ದೇಶಾಧಿಪತಿ ಪಿಲಾತನು ಆತನನ್ನು ಕೊಲ್ಲಿಸಿದನು. ಮರಕ್ಕೆ ತೂಗುಹಾಕಲ್ಪಟ್ಟವನು ದೇವರ ಶಾಪಕ್ಕೆ ಗುರಿಯಾದವನು ಎಂಬ ಧರ್ಮೋಪದೇಶಕಾಂಡದ ಮಾತು ಅಂದಿನ ಭಕ್ತರ ಮನಸ್ಸಿನಲ್ಲಿ ಬೇರೂರಿತ್ತಾದ್ದರಿಂದ, ಶಿಲುಬೆಯ ಮೇಲೆ ಸತ್ತವನನ್ನು ಮನುಷ್ಯರು ಮಾತ್ರವಲ್ಲ, ದೇವರೇ ಕೈಬಿಟ್ಟಿದ್ದಾನೆಂದು ತಿಳಿಯುವುದು ಅವರಿಗೆ ಸಹಜವಾಗಿತ್ತು. ಅಪೊಸ್ತಲರ ಕೃತ್ಯಗಳ 5ನೆಯ ಅಧ್ಯಾಯದಲ್ಲಿ ಹಿರೀಸಭೆಯ ಸದಸ್ಯನಾದ ಗಮಲಿಯೇಲನು ಥೈದ ಮತ್ತು ಗಲಿಲಾಯದ ಯೂದ ಎಂಬ ಇಬ್ಬರನ್ನು ನೆನಪಿಸುತ್ತಾನೆ: ನಾಯಕರು ಸತ್ತ ಕೂಡಲೇ ಅವರ ಹಿಂಬಾಲಕರು ಚದರಿಹೋದರು. ಯೇಸುವಿನ ಶಿಷ್ಯರೂ ಹಾಗೆಯೇ ಚದರಿಹೋಗಬೇಕಿತ್ತು.

ಈ ಹಿನ್ನೆಲೆಯಲ್ಲಿ ನೋಡಿದರೆ ಪುನರುತ್ಥಾನವು ಮೊದಲಿಗೆ ಒಂದು ತೀರ್ಪಿನ ರದ್ದತಿ. ಪಂಚಾಶತ್ತಮ ದಿನದಂದು ಪೇತ್ರನು ಯೆರೂಸಲೇಮಿನಲ್ಲಿ ನಿಂತು ಸಾರಿದ ಮಾತಿನ ಒಡಲೂ ಇದೇ: ನೀವು ಶಿಲುಬೆಗೆ ಹಾಕಿಸಿದ ಈ ಯೇಸುವನ್ನೇ ದೇವರು ಕರ್ತನನ್ನಾಗಿಯೂ ಕ್ರಿಸ್ತನನ್ನಾಗಿಯೂ ಮಾಡಿದ್ದಾನೆ. ತನ್ನ ಕುರಿತು ಆತನು ಹೇಳಿಕೊಂಡದ್ದಕ್ಕಾಗಿ ಜನರು ಯಾರನ್ನು ಕೊಂದರೋ ಅವನನ್ನು ದೇವರು ಎಬ್ಬಿಸಿದನೆಂದರೆ, ಆತನು ಹೇಳಿಕೊಂಡದ್ದು ಸತ್ಯವೆಂದು ದೇವರೇ ಸಾಕ್ಷಿ ನುಡಿದಂತಾಯಿತು. ಹೀಗಾಗಿ ಪುನರುತ್ಥಾನವು ದೈವತ್ವವನ್ನು ತೋರಿಸುವುದು ಅದೊಂದು ಮಹಾ ಅದ್ಭುತವೆಂಬ ಕಾರಣದಿಂದಲ್ಲ, ಅದು ಯಾರಿಗೆ, ಯಾವ ಮಾತಿನ ಬೆನ್ನಿಗೆ, ಯಾವ ತೀರ್ಪಿನ ಎದುರಿಗೆ ಸಂಭವಿಸಿತು ಎಂಬ ಕಾರಣದಿಂದ.

ಪ್ರಶ್ನೆ: ದೇವರು ಯೇಸುವನ್ನು ಎಬ್ಬಿಸಿದನೆಂದು ಪೇತ್ರನೂ ಪೌಲನೂ ಹೇಳುತ್ತಾರೆ. ಆದರೆ ತನ್ನ ಪ್ರಾಣವನ್ನು ಕೊಡುವುದಕ್ಕೂ ಅದನ್ನು ತಿರಿಗಿ ಪಡೆಯುವುದಕ್ಕೂ ತನಗೆ ಅಧಿಕಾರವುಂಟೆಂದು ಯೇಸುವೇ ಹೇಳಿದ್ದಾನೆ. ಆತನನ್ನು ತಂದೆ ಎಬ್ಬಿಸಿದನೋ, ಆತನೇ ಎದ್ದನೋ?

ಉತ್ತರ: ಹೊಸ ಒಡಂಬಡಿಕೆ ಎರಡನ್ನೂ ಹೇಳುತ್ತದೆ, ಮೂರನೆಯದೊಂದನ್ನೂ ಸೇರಿಸುತ್ತದೆ. ಗಲಾತ್ಯದವರಿಗೆ ಬರೆದ ಪತ್ರಿಕೆಯ ಮೊದಲ ವಾಕ್ಯದಲ್ಲೇ ಎಬ್ಬಿಸಿದವನು ತಂದೆ. ಯೋಹಾನನ 2ನೆಯ ಅಧ್ಯಾಯದಲ್ಲಿ, ಈ ದೇವಾಲಯವನ್ನು ಕೆಡವಿರಿ, ಮೂರು ದಿನಗಳಲ್ಲಿ ನಾನೇ ಎಬ್ಬಿಸುವೆನು ಎಂದು ಯೇಸು ತನ್ನ ದೇಹವನ್ನು ಕುರಿತು ಹೇಳುತ್ತಾನೆ. ನೀವು ಉಲ್ಲೇಖಿಸಿದ ಮಾತು 10ನೆಯ ಅಧ್ಯಾಯದ್ದು. ರೋಮಾಪುರದವರಿಗೆ ಬರೆದ ಪತ್ರಿಕೆಯ 8ನೆಯ ಅಧ್ಯಾಯವು ಯೇಸುವನ್ನು ಎಬ್ಬಿಸಿದಾತನ ಆತ್ಮವು ವಿಶ್ವಾಸಿಗಳ ಮರ್ತ್ಯ ದೇಹಗಳಿಗೂ ಜೀವ ಕೊಡುವುದೆಂದು ಪವಿತ್ರಾತ್ಮನನ್ನು ಈ ಕಾರ್ಯದೊಳಕ್ಕೆ ತರುತ್ತದೆ.

ತಂದೆ, ಮಗ, ಪವಿತ್ರಾತ್ಮ ಎಂಬುವರು ಮೂವರು ಬೇರೆ ಬೇರೆ ದೇವರುಗಳಾಗಿದ್ದರೆ ಈ ಮಾತುಗಳು ಪರಸ್ಪರ ಡಿಕ್ಕಿ ಹೊಡೆಯುತ್ತಿದ್ದವು. ದೇವರು ಒಬ್ಬನೇ, ಲೋಕದ ಕಡೆಗೆ ಆತನು ಮಾಡುವ ಪ್ರತಿಯೊಂದು ಕಾರ್ಯವೂ ತಂದೆಯಿಂದ ಹೊರಟು ಮಗನ ಮೂಲಕ ಪವಿತ್ರಾತ್ಮನಲ್ಲಿ ನೆರವೇರುವ ಒಂದೇ ಕಾರ್ಯ ಎಂಬುದು ಸಭೆಯ ಹಿರಿಯರು ಕಂಡುಕೊಂಡ ದಾರಿ. ಇದನ್ನು ಸಮಸ್ಯೆಯಿಂದ ಪಾರಾಗಲು ಹೆಣೆದ ಸೂತ್ರವೆಂದು ಕೆಲವರು ತಿಳಿಯುತ್ತಾರೆ. ನನ್ನ ಅಭಿಪ್ರಾಯದಲ್ಲಿ ನಡೆದದ್ದು ಅದಕ್ಕೆ ತಿರುಗುಮುರುಗು. ಯೆಹೂದ್ಯರಾಗಿ ಹುಟ್ಟಿ ಬೆಳೆದ, ದೇವರು ಒಬ್ಬನೇ ಎಂದು ದಿನಕ್ಕೆ ಎರಡು ಸಲ ಬಾಯಾರೆ ಹೇಳುತ್ತಿದ್ದ ಜನರು, ಯೇಸು ಎದ್ದದ್ದನ್ನು ಹೇಳಹೊರಟಾಗಲೆಲ್ಲ ತಂದೆಯನ್ನೂ ಮಗನನ್ನೂ ಆತ್ಮನನ್ನೂ ಒಟ್ಟಿಗೆ ಹೆಸರಿಸದೆ ಹೇಳಲಾಗಲಿಲ್ಲ. ಸೂತ್ರವು ಬಂದದ್ದು ಆಮೇಲೆ, 325ರ ನಿಸೀಯ ಮತ್ತು 381ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆಗಳಲ್ಲಿ.

ಆದರೂ ಒಂದು ಎಚ್ಚರಿಕೆ ಬೇಕು. ಆತನೇ ಎದ್ದನು ಎಂಬುದನ್ನಷ್ಟೇ ಹಿಡಿದು ಹೇಳುತ್ತಾ ಹೋದರೆ ಶಿಲುಬೆಯೇ ಒಂದು ನಾಟಕವಾಗಿಬಿಡುತ್ತದೆ. ಯೇಸು ನಿಜವಾಗಿ ಸತ್ತನು. ಗೆತ್ಸೆಮನೆಯಲ್ಲಿ ಆತನು ತನ್ನನ್ನು ತಂದೆಯ ಚಿತ್ತಕ್ಕೆ ಒಪ್ಪಿಸಿದ್ದು ನಿಜವಾದ ಒಪ್ಪಿಸುವಿಕೆ. ತಿರಿಗಿ ಪಡೆಯುವ ಅಧಿಕಾರವುಂಟು ಎಂದ ಅದೇ ವಾಕ್ಯದ ಕೊನೆಯಲ್ಲಿ, ಈ ಅಪ್ಪಣೆಯನ್ನು ನನ್ನ ತಂದೆಯಿಂದ ಹೊಂದಿದ್ದೇನೆ ಎಂದು ಆತನು ಸೇರಿಸಿದ್ದನ್ನು ಬಿಟ್ಟು ಓದಬಾರದು.

ಪ್ರಶ್ನೆ: ಮತ್ತಾಯನ ಕೊನೆಯ ಅಧ್ಯಾಯದಲ್ಲಿ, ಪರಲೋಕದಲ್ಲಿಯೂ ಭೂಲೋಕದಲ್ಲಿಯೂ ಎಲ್ಲಾ ಅಧಿಕಾರವು ನನಗೆ ಕೊಡಲ್ಪಟ್ಟಿದೆ ಎಂದು ಯೇಸು ಹೇಳುತ್ತಾನೆ. ಕೊಟ್ಟದ್ದು ಎಂದಮೇಲೆ ಮೊದಲು ಆತನಲ್ಲಿ ಅದು ಇರಲಿಲ್ಲವೆಂದಾಯಿತಲ್ಲವೇ? ಪುನರುತ್ಥಾನದ ಮೂಲಕ ಒಬ್ಬ ಮನುಷ್ಯನು ದೇವರ ಸ್ಥಾನಕ್ಕೆ ಏರಿದನೆಂದು ತಿಳಿಯಬಹುದೇ?

ಉತ್ತರ: ಹೀಗೆ ತಿಳಿದವರು ಸಭೆಯ ಆದಿಕಾಲದಲ್ಲೇ ಇದ್ದರು. 2ನೆಯ ಶತಮಾನದ ಕೊನೆಯಲ್ಲಿ ಬಿಜಾಂಟಿಯಮ್‌ನಿಂದ ರೋಮಿಗೆ ಬಂದ ಥಿಯೊಡೋಟಸ್ ಎಂಬವನು ಯೇಸುವನ್ನು ಸತ್ಪುರುಷನಾದ ಬರಿಯ ಮನುಷ್ಯನೆಂದೂ ದೀಕ್ಷಾಸ್ನಾನದ ವೇಳೆಯಲ್ಲಿ ಆತನ ಮೇಲೆ ದೈವಶಕ್ತಿ ಇಳಿಯಿತೆಂದೂ ಬೋಧಿಸಿದನು. ರೋಮಿನ ಬಿಷಪ್ ವಿಕ್ಟರ್ ಅವನನ್ನು ಸಭೆಯಿಂದ ಹೊರಗಿಟ್ಟನು. ಪುನರುತ್ಥಾನದ ನಂತರವೇ ಯೇಸು ದೇವರಾದನೆಂದು ಹೇಳಿದವರೂ ಅವನ ಬಳಗದಲ್ಲಿದ್ದರು. ಅವರ ತರ್ಕ ನಿಮ್ಮ ಪ್ರಶ್ನೆಯಲ್ಲಿರುವ ತರ್ಕವೇ, ಮತ್ತು ಅದು ಹುರುಳಿಲ್ಲದ್ದೇನೂ ಅಲ್ಲ.

ಆದರೆ ಸುವಾರ್ತೆಗಳನ್ನು ಮೊದಲಿನಿಂದ ಓದಿದರೆ ಆ ತರ್ಕ ನಿಲ್ಲುವುದಿಲ್ಲ. ಕಪೆರ್ನೌಮಿನ ಮನೆಯೊಂದರಲ್ಲಿ ಜನ ಕಿಕ್ಕಿರಿದಿದ್ದರಿಂದ ನಾಲ್ವರು ಛಾವಣಿಯನ್ನು ತೆಗೆದು ಪಾರ್ಶ್ವವಾಯು ರೋಗಿಯನ್ನು ಹಾಸಿಗೆ ಸಮೇತ ಕೆಳಗಿಳಿಸಿದ ಘಟನೆಯನ್ನು ಮಾರ್ಕನು 2ನೆಯ ಅಧ್ಯಾಯದಲ್ಲಿ ಬರೆದಿದ್ದಾನೆ. ಎಲ್ಲರೂ ಕಾಯುತ್ತಿದ್ದದ್ದು ರೋಗ ವಾಸಿಯಾಗುವುದಕ್ಕೆ. ಯೇಸು ಹೇಳಿದ್ದು, ಮಗನೇ, ನಿನ್ನ ಪಾಪಗಳು ಕ್ಷಮಿಸಲ್ಪಟ್ಟಿವೆ ಎಂದು. ಅಲ್ಲಿ ಕೂತಿದ್ದ ಶಾಸ್ತ್ರಿಗಳ ಮನಸ್ಸಿನಲ್ಲಿ ಎದ್ದ ಆಕ್ಷೇಪ ನ್ಯಾಯವಾದದ್ದು: ದೇವರೊಬ್ಬನೇ ಹೊರತು ಪಾಪಗಳನ್ನು ಕ್ಷಮಿಸಬಲ್ಲವರು ಯಾರು? ನನಗೆ ಕೆಡುಕು ಮಾಡಿದವನನ್ನು ನಾನು ಕ್ಷಮಿಸಬಹುದು; ಇನ್ನೊಬ್ಬರಿಗೆ ಮಾಡಿದ ಕೆಡುಕನ್ನು, ದೇವರಿಗೆ ವಿರುದ್ಧವಾಗಿ ಮಾಡಿದ ಪಾಪವನ್ನು, ನಾನು ಕ್ಷಮಿಸಿದೆನೆಂದರೆ ಅದು ಹುಚ್ಚಾದರೂ ಆಗಬೇಕು, ದೇವರ ಅಧಿಕಾರವಾದರೂ ಆಗಬೇಕು. ಯೇಸು ಹಿಂದೆಗೆಯಲಿಲ್ಲ. ಪಾಪಗಳನ್ನು ಕ್ಷಮಿಸಲು ಮನುಷ್ಯಕುಮಾರನಿಗೆ ಭೂಮಿಯ ಮೇಲೆ ಅಧಿಕಾರವುಂಟೆಂದು ತಿಳಿಯುವಂತೆ ರೋಗಿಯನ್ನು ಎಬ್ಬಿಸಿ ಹಾಸಿಗೆಯನ್ನು ಹೊರಿಸಿ ಕಳುಹಿಸಿದನು. ಇದೆಲ್ಲ ನಡೆದದ್ದು ಶಿಲುಬೆಗೆ ಬಹಳ ಮೊದಲು. ಶಾಸ್ತ್ರಿಗಳು ಹಿಂದಿನ ಗುರುಗಳ ಆಧಾರದ ಮೇಲೆ ಬೋಧಿಸುತ್ತಿದ್ದರೆ ಈತನು ತನ್ನ ಸ್ವಂತ ಅಧಿಕಾರದಿಂದ ಬೋಧಿಸುತ್ತಿದ್ದನೆಂದು ಅದೇ ಊರಿನ ಸಭಾಮಂದಿರದ ಜನರು ಬೆರಗಾದದ್ದು ಇನ್ನೂ ಮೊದಲು.

ಹಾಗಾದರೆ ಮತ್ತಾಯನ ಕೊನೆಯ ಅಧ್ಯಾಯದಲ್ಲಿ ಯೇಸು ಆ ಮಾತನ್ನಾಡಿದ ಗಲಿಲಾಯದ ಬೆಟ್ಟದ ಮೇಲೆ ಹೊಸದಾಗಿ ಕೊಡಲ್ಪಟ್ಟದ್ದೇನು? ದಾನಿಯೇಲನ 7ನೆಯ ಅಧ್ಯಾಯದಲ್ಲಿ ಮನುಷ್ಯಕುಮಾರನಂತಿರುವವನು ಮೇಘಗಳೊಂದಿಗೆ ಬಂದು ದೇವರ ಸನ್ನಿಧಿಯಲ್ಲಿ ಎಂದಿಗೂ ಅಳಿಯದ ದೊರೆತನವನ್ನು ಪಡೆಯುತ್ತಾನೆ. ಯೇಸು ಹಿರೀಸಭೆಯ ಮುಂದೆ ಈ ದರ್ಶನವನ್ನೇ ತನಗೆ ಅನ್ವಯಿಸಿಕೊಂಡು ದೇವದೂಷಕನೆನಿಸಿಕೊಂಡನು. ಮತ್ತಾಯನ ಕೊನೆಯ ಅಧ್ಯಾಯದ ಮಾತು ಆ ದರ್ಶನ ನೆರವೇರಿತೆಂಬ ಘೋಷಣೆ. ಆದಿಯಿಂದಲೂ ದೇವರ ಮಗನಾಗಿದ್ದವನು ಮನುಷ್ಯನಾಗಿ ತನ್ನನ್ನು ತಗ್ಗಿಸಿಕೊಂಡು, ಮನುಷ್ಯನಾಗಿ ಸತ್ತು, ಮನುಷ್ಯನಾಗಿಯೇ ಸಕಲ ಅಧಿಕಾರವನ್ನು ಪಡೆದನು. ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯ 2ನೆಯ ಅಧ್ಯಾಯದಲ್ಲಿ ಈ ಇಳಿತವನ್ನೂ ಏರಿಕೆಯನ್ನೂ ಪೌಲನು ಒಂದೇ ಉಸಿರಿನಲ್ಲಿ ಹೇಳುತ್ತಾನೆ: ದೇವಸ್ವರೂಪನಾಗಿದ್ದರೂ ದಾಸನ ರೂಪವನ್ನು ಧರಿಸಿ, ಶಿಲುಬೆಯ ಮರಣವನ್ನಾದರೂ ಹೊಂದುವಷ್ಟು ವಿಧೇಯನಾದನು; ಆದಕಾರಣ ದೇವರು ಆತನನ್ನು ಅತ್ಯುನ್ನತ ಸ್ಥಾನಕ್ಕೆ ಏರಿಸಿದನು; ಎಲ್ಲರೂ ಯೇಸುವಿನ ಹೆಸರಿನಲ್ಲಿ ಮೊಣಕಾಲೂರುವರು. ಈ ಕೊನೆಯ ಮಾತು ಯೆಶಾಯನ 45ನೆಯ ಅಧ್ಯಾಯದ್ದು, ಅಲ್ಲಿ ಅದು ಯೆಹೋವನು ತನ್ನ ಕುರಿತು, ತನ್ನ ಹೊರತು ಬೇರೆ ದೇವರಿಲ್ಲ ಎಂಬುದರ ಬೆನ್ನಿಗೇ ಆಡುವ ಮಾತು. ಅದನ್ನು ಪೌಲನು ಯೇಸುವಿಗೆ ಸಲ್ಲಿಸುವಾಗ, ಅಂತಸ್ತಿನಲ್ಲಿ ಬಡ್ತಿ ಪಡೆದ ಒಬ್ಬ ಮನುಷ್ಯನ ಕುರಿತು ಬರೆಯುತ್ತಿಲ್ಲ.

ಮತ್ತಾಯನ ಸುವಾರ್ತೆಯಲ್ಲಿ ಇನ್ನೊಂದು ಬೆಟ್ಟವೂ ಇದೆ. 4ನೆಯ ಅಧ್ಯಾಯದಲ್ಲಿ ಸೈತಾನನು ಯೇಸುವನ್ನು ಅತ್ಯುನ್ನತವಾದ ಬೆಟ್ಟಕ್ಕೆ ಕರೆದೊಯ್ದು ಲೋಕದ ಎಲ್ಲಾ ರಾಜ್ಯಗಳನ್ನೂ ಅವುಗಳ ವೈಭವವನ್ನೂ ತೋರಿಸಿ, ನನಗೆ ಅಡ್ಡಬಿದ್ದರೆ ಇವೆಲ್ಲವನ್ನೂ ನಿನಗೆ ಕೊಡುವೆನು ಎನ್ನುತ್ತಾನೆ. ಆತನು ನಿರಾಕರಿಸಿದನು. ಕೊನೆಯ ಅಧ್ಯಾಯದ ಬೆಟ್ಟದ ಮೇಲೆ ಆತನ ಕೈಗೆ ಬಂದದ್ದು ಸೈತಾನನು ತೋರಿಸಿದ್ದಕ್ಕಿಂತ ದೊಡ್ಡದು, ಏಕೆಂದರೆ ಅದರಲ್ಲಿ ಪರಲೋಕವೂ ಸೇರಿತ್ತು. ಆದರೆ ನಡುವೆ ಶಿಲುಬೆಯ ದಾರಿ ಇತ್ತು. ಅಧಿಕಾರ ಎಷ್ಟು ಎಂಬುದಕ್ಕಿಂತ ಅದು ಯಾರ ಕೈಯಿಂದ, ಯಾವ ದಾರಿಯಿಂದ ಬಂತು ಎಂಬುದನ್ನು ಮತ್ತಾಯನು ನಮಗೆ ತೋರಿಸಬಯಸುತ್ತಾನೆಂದು ನನಗೆ ತೋರುತ್ತದೆ.

ಪ್ರಶ್ನೆ: ಶುಕ್ರವಾರ ಸಂಜೆ ಹೂಣಿಟ್ಟು ಭಾನುವಾರ ಬೆಳಗ್ಗೆ ಎದ್ದರೆ ಮೂರು ದಿನ ಹೇಗಾಗುತ್ತದೆ?

ಉತ್ತರ: ಯೆಹೂದ್ಯರ ಎಣಿಕೆಯಲ್ಲಿ ದಿನದ ಒಂದು ಭಾಗವೂ ಒಂದು ದಿನವೇ. ಶುಕ್ರವಾರ, ಶನಿವಾರ, ಭಾನುವಾರ ಸೇರಿ ಮೂರು. ಎಸ್ತೇರಳ ಗ್ರಂಥದಲ್ಲಿ ಮೂರು ದಿನ ಹಗಲಿರುಳು ಉಪವಾಸವಿರಿ ಎಂದು ಹೇಳಿದ ರಾಣಿಯು ಮೂರನೆಯ ದಿನದಲ್ಲೇ ಅರಸನ ಮುಂದೆ ಹೋಗಿ ನಿಲ್ಲುತ್ತಾಳೆ. ಯೋನನು ಮೀನಿನ ಹೊಟ್ಟೆಯಲ್ಲಿ ಮೂರು ಹಗಲು ಮೂರು ರಾತ್ರಿ ಇದ್ದಂತೆ ಎಂಬ ಯೇಸುವಿನ ಮಾತನ್ನೂ ಇದೇ ರೂಢಿಯಲ್ಲಿ ಓದಬೇಕು.

ಪ್ರಶ್ನೆ: ಸಮಾಧಿಗೆ ಹೋದ ಹೆಂಗಸರು ಎಷ್ಟು ಮಂದಿ, ಕಂಡ ದೇವದೂತರು ಎಷ್ಟು ಮಂದಿ ಎಂಬುದರಲ್ಲೇ ನಾಲ್ಕು ಸುವಾರ್ತೆಗಳು ಒಂದನ್ನೊಂದು ಒಪ್ಪುವುದಿಲ್ಲ. ಇಂಥ ಸಾಕ್ಷ್ಯವನ್ನು ನಂಬುವುದು ಹೇಗೆ?

ಉತ್ತರ: ವ್ಯತ್ಯಾಸಗಳು ಇವೆ. ಮತ್ತಾಯನು ಇಬ್ಬರು ಮರಿಯರನ್ನು ಹೆಸರಿಸುತ್ತಾನೆ. ಮಾರ್ಕನು ಸಲೋಮೆಯನ್ನು ಸೇರಿಸುತ್ತಾನೆ. ಲೂಕನಲ್ಲಿ ಯೋಹಾನಳೂ ಬೇರೆ ಸ್ತ್ರೀಯರೂ ಇದ್ದಾರೆ. ಯೋಹಾನನು ಮಗ್ದಲದ ಮರಿಯಳೊಬ್ಬಳನ್ನೇ ಹೇಳುತ್ತಾನೆ, ಆದರೆ ಅವಳ ಬಾಯಲ್ಲಿ 'ನಮಗೆ ತಿಳಿಯದು' ಎಂಬ ಬಹುವಚನವಿದೆ. ಮಾರ್ಕನಲ್ಲಿ ಬಿಳಿಯ ನಿಲುವಂಗಿ ತೊಟ್ಟ ಒಬ್ಬ ಯೌವನಸ್ಥ, ಲೂಕನಲ್ಲಿ ಇಬ್ಬರು. ಮತ್ತಾಯನು ಗಲಿಲಾಯದ ಭೇಟಿಯನ್ನು ಮುಂದಿಟ್ಟರೆ ಲೂಕನು ಯೆರೂಸಲೇಮನ್ನೂ ಅದರ ಹತ್ತಿರದ ಎಮ್ಮಾಹುವನ್ನೂ ಬಿಟ್ಟು ಹೋಗುವುದಿಲ್ಲ. ಇವನ್ನೆಲ್ಲ ಹೊಲಿದು ಒಂದೇ ಬಟ್ಟೆ ಮಾಡುವ ಪ್ರಯತ್ನಗಳು ಹಿಂದಿನಿಂದಲೂ ನಡೆದಿವೆ. ನನಗೆ ಅವುಗಳಲ್ಲಿ ಹೆಚ್ಚಿನ ಆಸಕ್ತಿಯಿಲ್ಲ. ನಾಲ್ವರೂ ಒಪ್ಪುವ ಸಂಗತಿಗಳು ಹೆಚ್ಚು ತೂಕದವು: ವಾರದ ಮೊದಲನೆಯ ದಿನ, ಬೆಳಗಿನ ಹೊತ್ತು, ತೆರೆದ ಸಮಾಧಿ, ಮೊದಲು ಬಂದವರು ಸ್ತ್ರೀಯರು, ಅವರಲ್ಲಿ ಮಗ್ದಲದ ಮರಿಯಳು.

ಕಟ್ಟುಕಥೆ ಹೆಣೆಯುವವರು ಸ್ತ್ರೀಯರನ್ನು ಮೊದಲ ಸಾಕ್ಷಿಗಳನ್ನಾಗಿ ಮಾಡುತ್ತಿರಲಿಲ್ಲ. ಸ್ತ್ರೀಯರ ಸಾಕ್ಷ್ಯವನ್ನು ಸ್ವೀಕರಿಸಬಾರದೆಂಬ ನಿಯಮವನ್ನು ಅದೇ 1ನೆಯ ಶತಮಾನದ ಯೆಹೂದಿ ಇತಿಹಾಸಕಾರ ಜೋಸೆಫಸ್ ಬರೆದಿಟ್ಟಿದ್ದಾನೆ. ಅಪೊಸ್ತಲರಿಗೂ ಆ ಹೆಂಗಸರ ಮಾತು ಬರಿಯ ಹರಟೆಯಾಗಿ ಕಂಡಿತೆಂದು ಲೂಕನು ಮುಚ್ಚಿಡದೆ ಹೇಳುತ್ತಾನೆ. ಸಭೆಯ ಸ್ತಂಭಗಳೆನಿಸಿದ ಗಂಡಸರು ಅವಿತುಕೊಂಡಿದ್ದಾಗ ಹೆಂಗಸರು ಸಮಾಧಿಯ ಬಳಿ ಇದ್ದರು ಎಂಬುದು ಆ ಸಭೆಗೆ ಹೆಮ್ಮೆ ತರುವ ಸಂಗತಿಯಾಗಿರಲಿಲ್ಲ. ನಡೆದದ್ದು ಹಾಗೆ ಎಂಬುದರ ಹೊರತು ಅದನ್ನು ಬರೆಯಲು ಬೇರೆ ಕಾರಣ ನನಗೆ ಕಾಣುವುದಿಲ್ಲ.

ಇನ್ನೊಂದು ಮಾತು. ಯೇಸು ಎದ್ದ ಕ್ಷಣವನ್ನು ನಾಲ್ಕು ಸುವಾರ್ತೆಗಳಲ್ಲಿ ಒಂದೂ ವರ್ಣಿಸುವುದಿಲ್ಲ. ಅದನ್ನು ವರ್ಣಿಸುವುದು ಪೇತ್ರನ ಹೆಸರಿನಲ್ಲಿ 2ನೆಯ ಶತಮಾನದಲ್ಲಿ ಹುಟ್ಟಿಕೊಂಡ, ಸಭೆಯು ಒಪ್ಪದ ಒಂದು ಬರಹ. ಅದರಲ್ಲಿ ಆಕಾಶ ಮುಟ್ಟುವ ತಲೆಗಳುಳ್ಳ ಇಬ್ಬರು ಆಕಾಶವನ್ನೂ ಮೀರಿದ ಮೂರನೆಯವನನ್ನು ಸಮಾಧಿಯಿಂದ ಕರೆತರುತ್ತಾರೆ, ಅವರ ಹಿಂದೆ ಶಿಲುಬೆಯು ನಡೆದು ಬಂದು ಮಾತಾಡುತ್ತದೆ. ಕಲ್ಪನೆಗೆ ಕಡಿವಾಣ ಬಿಟ್ಟರೆ ಕಥೆ ಎಲ್ಲಿಗೆ ಹೋಗುತ್ತದೆಂದು ತಿಳಿಯಲು ಅದು ಸಾಕು. ಅದರ ಪಕ್ಕದಲ್ಲಿ ನಾಲ್ಕು ಸುವಾರ್ತೆಗಳ ಸಂಯಮ ಎದ್ದು ಕಾಣುತ್ತದೆ.

ಸುವಾರ್ತೆಗಳಿಗಿಂತ ಹಳೆಯ ಸಾಕ್ಷ್ಯವೂ ನಮ್ಮಲ್ಲಿದೆ. ಸುಮಾರು ಕ್ರಿ.ಶ. 55ರಲ್ಲಿ ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 15ನೆಯ ಅಧ್ಯಾಯದಲ್ಲಿ, ತಾನು ಹೊಂದಿದ್ದನ್ನೇ ಅವರಿಗೆ ಒಪ್ಪಿಸಿದ್ದೇನೆಂದು ಹೇಳಿ ಎದ್ದ ಯೇಸುವನ್ನು ಕಂಡವರ ಒಂದು ಪಟ್ಟಿಯನ್ನು ಕೊಡುತ್ತಾನೆ: ಕೇಫನು (ಪೇತ್ರನು), ಹನ್ನೆರಡು ಮಂದಿ, ಒಂದೇ ಸಮಯದಲ್ಲಿ 500ಕ್ಕಿಂತ ಹೆಚ್ಚು ಸಹೋದರರು, ಯಾಕೋಬನು, ಅಪೊಸ್ತಲರೆಲ್ಲರು, ಕಟ್ಟಕಡೆಗೆ ಪೌಲನು. ಆ 500 ಮಂದಿಯಲ್ಲಿ ಹೆಚ್ಚಿನವರು ಇನ್ನೂ ಬದುಕಿದ್ದಾರೆಂದು ಅವನು ಸೇರಿಸುತ್ತಾನೆ, ಅಂದರೆ ಬೇಕಾದವರು ಹೋಗಿ ಕೇಳಬಹುದಿತ್ತು. ಪೌಲನು ಯೆರೂಸಲೇಮಿಗೆ ಹೋಗಿ ಕೇಫನ ಸಂಗಡ ಹದಿನೈದು ದಿನ ಇದ್ದು ಯಾಕೋಬನನ್ನೂ ಕಂಡದ್ದನ್ನು ಗಲಾತ್ಯದವರಿಗೆ ಬರೆದಿದ್ದಾನೆ. ಈ ಯಾಕೋಬನು ಯೇಸುವಿನ ಸಹೋದರ; ಯೇಸು ಬದುಕಿದ್ದಾಗ ಆತನ ಸಹೋದರರು ಆತನನ್ನು ನಂಬಿರಲಿಲ್ಲವೆಂದು ಯೋಹಾನನು ಹೇಳುತ್ತಾನೆ. ಆಮೇಲೆ ಅದೇ ಯಾಕೋಬನು ಯೆರೂಸಲೇಮಿನ ಸಭೆಗೆ ಮುಖಂಡನಾದನು, ಕ್ರಿ.ಶ. 62ರಲ್ಲಿ ಪ್ರಾಣವನ್ನೂ ಕೊಟ್ಟನು. ಇವು ಪುನರುತ್ಥಾನವನ್ನು ಗಣಿತದಂತೆ ರುಜುವಾತು ಮಾಡುತ್ತವೆಂದು ನಾನು ಹೇಳುವುದಿಲ್ಲ. ನಂಬುವವನು ಕಣ್ಣು ಮುಚ್ಚಿಕೊಂಡು ನಂಬಬೇಕಿಲ್ಲ ಎಂದಷ್ಟೇ ಹೇಳುತ್ತೇನೆ.

ಪ್ರಶ್ನೆ: ಎದ್ದ ಯೇಸುವಿನದು ಆತ್ಮಿಕ ದೇಹವೆನ್ನುತ್ತಾರೆ. ಅದು ದೇಹವೇ, ಆತ್ಮವೇ? ಆತ್ಮಕ್ಕೆ ಸಾವಿಲ್ಲ ಎಂಬ ಸಾಮಾನ್ಯ ನಂಬಿಕೆಗೂ ಇದಕ್ಕೂ ವ್ಯತ್ಯಾಸವುಂಟೇ?

ಉತ್ತರ: ದೊಡ್ಡ ವ್ಯತ್ಯಾಸವುಂಟು. ಆತ್ಮಕ್ಕೆ ಸಾವಿಲ್ಲವೆಂಬುದನ್ನು ಗ್ರೀಕ್ ತತ್ತ್ವಜ್ಞಾನಿಗಳು ಯೇಸುವಿಗೆ ಶತಮಾನಗಳ ಮೊದಲೇ ಹೇಳಿದ್ದರು. ಅಷ್ಟನ್ನೇ ಪೌಲನು ಅಥೇನೆಯಲ್ಲಿ ಹೇಳಿದ್ದರೆ ಅಲ್ಲಿನ ಅರಿಯೊಪಾಗವೆಂಬ ಸಭೆಯಲ್ಲಿ ಯಾರೂ ಅವನನ್ನು ಗೇಲಿ ಮಾಡುತ್ತಿರಲಿಲ್ಲ. ಅವರಿಗೆ ನಗು ಬಂದದ್ದು ಸತ್ತವರು ದೇಹದೊಂದಿಗೆ ಏಳುತ್ತಾರೆಂಬ ಮಾತಿಗೆ. ಎದ್ದ ಯೇಸು ತಾನು ಭೂತವಲ್ಲವೆಂದು ಹೇಳಿ, ಶಿಷ್ಯರೆದುರಿಗೆ ಸುಟ್ಟ ಮೀನಿನ ತುಂಡನ್ನು ತಿಂದನು. ಅದೇ ವೇಳೆಗೆ ಆತನು ಬಾಗಿಲು ಮುಚ್ಚಿದ್ದ ಕೋಣೆಯಲ್ಲಿ ಬಂದು ನಿಂತನು. ಎಮ್ಮಾಹುವಿನ ದಾರಿಯಲ್ಲಿ ಜೊತೆಗೆ ನಡೆದ ಇಬ್ಬರು ಶಿಷ್ಯರು ಆತನನ್ನು ಗುರುತಿಸಲಿಲ್ಲ. ಅದೇ ದೇಹ, ಆದರೆ ಬೇರೊಂದು ಬಗೆಯ ಇರವು. ಬಿತ್ತಿದ ಕಾಳಿಗೂ ಅದರಿಂದ ಬರುವ ಪೈರಿಗೂ ಇರುವ ಸಂಬಂಧವನ್ನು ಪೌಲನು ಇಲ್ಲಿ ಹೇಳುತ್ತಾನೆ, ಅದಕ್ಕಿಂತ ಮುಂದೆ ಹೋಗಿ ವಿವರಿಸುವುದಿಲ್ಲ. ನಾವೂ ಅಲ್ಲಿಗೇ ನಿಲ್ಲುವುದು ಲೇಸು.

ಪ್ರಶ್ನೆ: ಎಲ್ಲಾ ಅಧಿಕಾರವೂ ಯೇಸುವಿನದಾದರೆ ಲೋಕದಲ್ಲಿ ಇಷ್ಟು ಅನ್ಯಾಯ, ಇಷ್ಟು ಸಾವು ಏಕೆ? ಎಳೆಯ ವಯಸ್ಸಿನ ಮಗನನ್ನು ಕಳೆದುಕೊಂಡ ನನಗೆ ಈ ಅಧಿಕಾರದ ಮಾತು ಕೇಳಿದರೆ ನೋವಾಗುತ್ತದೆ.

ಉತ್ತರ: ಅಮ್ಮಾ, ನಿಮ್ಮ ದುಃಖಕ್ಕೆ ಈ ಅಂಕಣದಲ್ಲಿ ಉತ್ತರವಿದೆಯೆಂದು ನಟಿಸಲಾರೆ. ನಿಮ್ಮ ಮಗನ ಸಾವು ದೇವರ ಚಿತ್ತ, ಒಪ್ಪಿಕೊಳ್ಳಿ ಎಂದು ಯಾರಾದರೂ ನಿಮಗೆ ಹೇಳಿದ್ದರೆ ಆ ಮಾತನ್ನು ನಾನು ಅನುಮೋದಿಸುವುದಿಲ್ಲ. ಸಾವು ದೇವರ ಮಿತ್ರನೆಂದು ಪೌಲನು ಎಲ್ಲಿಯೂ ಹೇಳಲಿಲ್ಲ. ಅದನ್ನು ಅವನು ಕಡೇ ಶತ್ರುವೆಂದು ಕರೆದನು. ವೈರಿಗಳೆಲ್ಲರನ್ನು ತನ್ನ ಪಾದಗಳ ಕೆಳಗೆ ಹಾಕುವ ತನಕ ಕ್ರಿಸ್ತನು ಆಳಬೇಕು ಎಂದು ಅವನು ಬರೆಯುವಾಗ, ಆ ತನಕ ಎಂಬುದು ಇನ್ನೂ ಮುಗಿದಿಲ್ಲವೆಂದು ಅವನಿಗೆ ಗೊತ್ತಿತ್ತು. ಎಲ್ಲವೂ ಆತನಿಗೆ ಅಧೀನವಾಗಿರುವುದನ್ನು ನಾವು ಇನ್ನೂ ಕಾಣುತ್ತಿಲ್ಲ ಎಂದು ಇಬ್ರಿಯರಿಗೆ ಬರೆದ ಪತ್ರಿಕೆ ನೇರವಾಗಿ ಒಪ್ಪಿಕೊಳ್ಳುತ್ತದೆ. ನಿಮ್ಮ ನೋವು ಅವಿಶ್ವಾಸವಲ್ಲ. ಅದು ಈ ವಾಕ್ಯದ ಒಳಗೇ ಇದೆ.

ಲಾಜರನನ್ನು ಎಬ್ಬಿಸಲು ಹೋಗುತ್ತಿದ್ದ ಯೇಸುವೇ ಅವನ ಸಮಾಧಿಯ ಬಳಿ ಅತ್ತನು. ತೋಮನ ಮುಂದೆ ನಿಂತಾಗ ಆತನು ಗುರುತಾಗಿ ತೋರಿಸಿದ್ದು ಮೊಳೆಯ ಗಾಯಗಳನ್ನು. ಅವನ್ನು ಕಂಡೇ ತೋಮನು, ನನ್ನ ಕರ್ತನೇ, ನನ್ನ ದೇವರೇ ಎಂದನು. ಪ್ರಕಟನೆ ಗ್ರಂಥದಲ್ಲಿ ಸಿಂಹಾಸನದ ಮಧ್ಯದಲ್ಲಿ ನಿಂತಿರುವ ಕುರಿಮರಿಯು ಆಗಲೂ ವಧಿಸಲ್ಪಟ್ಟಂತೆಯೇ ಕಾಣುತ್ತದೆ. ಅಂದರೆ ಎದ್ದವನ ಮೈಮೇಲಿನಿಂದ ಗಾಯಗಳು ಮಾಯವಾಗಲಿಲ್ಲ. ಸಕಲ ಅಧಿಕಾರವುಳ್ಳವನು ಗಾಯಗೊಂಡವನೇ ಎಂಬುದರಿಂದ ನಿಮ್ಮ ಏಕೆ ಎಂಬ ಪ್ರಶ್ನೆ ತೀರುವುದಿಲ್ಲವೆಂದು ಬಲ್ಲೆ. ಆದರೆ ಆ ಪ್ರಶ್ನೆಯನ್ನು ನೀವು ಯಾರ ಮುಂದೆ ಇಡುತ್ತಿದ್ದೀರೋ ಆತನಿಗೆ ಅದು ಹೊಸದಲ್ಲ. ಅಳುವುದನ್ನು ನಿಲ್ಲಿಸಬೇಕಾಗಿಲ್ಲ, ಕೇಳುವುದನ್ನೂ ನಿಲ್ಲಿಸಬೇಕಾಗಿಲ್ಲ.

ಪ್ರಶ್ನೆ: ನಮ್ಮ ಸಭೆಯ ಪಾಲಕರು, ಎದ್ದ ಕರ್ತನಿಂದಲೇ ತಮಗೆ ಅಧಿಕಾರ ಬಂದಿದೆ, ತಮ್ಮನ್ನು ಪ್ರಶ್ನಿಸಿದರೆ ದೇವರನ್ನೇ ಪ್ರಶ್ನಿಸಿದಂತೆ ಎಂದು ಹೇಳುತ್ತಾರೆ. ಸಭೆಯ ಹಣದ ಲೆಕ್ಕ ಕೇಳಿದವರನ್ನು ದೂರವಿಟ್ಟಿದ್ದಾರೆ. ನಾವು ಮಾಡುತ್ತಿರುವುದು ತಪ್ಪೇ?

ಉತ್ತರ: ತಪ್ಪಲ್ಲ. ಮತ್ತಾಯನ ಆ ವಾಕ್ಯವನ್ನು ಇನ್ನೊಮ್ಮೆ ಓದಿ. ಎಲ್ಲಾ ಅಧಿಕಾರವು ನನಗೆ ಕೊಡಲ್ಪಟ್ಟಿದೆ ಎಂದು ಹೇಳಿದ ಮೇಲೆ ಯೇಸು ಅದನ್ನು ಶಿಷ್ಯರಿಗೆ ಹಂಚಿಕೊಡಲಿಲ್ಲ. ಹೋಗಿ ಶಿಷ್ಯರನ್ನಾಗಿ ಮಾಡಿರಿ, ದೀಕ್ಷಾಸ್ನಾನ ಮಾಡಿಸಿರಿ, ನಾನು ಆಜ್ಞಾಪಿಸಿದ್ದನ್ನು ಕಾಪಾಡಿಕೊಳ್ಳಲು ಉಪದೇಶ ಮಾಡಿರಿ ಎಂದು ಕೆಲಸವನ್ನು ಕೊಟ್ಟನು, ತಾನೇ ಅವರ ಸಂಗಡ ಇರುವೆನೆಂದನು. ಅಧಿಕಾರ ಆತನಲ್ಲೇ ಉಳಿಯಿತು. ಆತನು ಅದನ್ನು ಹೇಗೆ ಬಳಸಿದನೆಂಬುದಕ್ಕೆ ಯೋಹಾನನ 13ನೆಯ ಅಧ್ಯಾಯವಿದೆ: ತಂದೆಯು ಎಲ್ಲವನ್ನೂ ತನ್ನ ಕೈಯಲ್ಲಿ ಕೊಟ್ಟಿದ್ದಾನೆಂದು ತಿಳಿದವನಾಗಿ ಆತನು ಊಟದಿಂದ ಎದ್ದು, ಮೇಲುಹೊದಿಕೆಯನ್ನು ತೆಗೆದಿಟ್ಟು, ನಡುವಿಗೆ ಕೈಪಾವಡವನ್ನು ಕಟ್ಟಿಕೊಂಡು, ಬೋಗುಣಿಯಲ್ಲಿ ನೀರು ಹಾಕಿ ಶಿಷ್ಯರ ಕಾಲುಗಳನ್ನು ತೊಳೆದನು. ಕೆಲವೇ ಗಂಟೆಗಳಲ್ಲಿ ತನ್ನನ್ನು ಹಿಡಿದುಕೊಡಲಿದ್ದ ಯೂದನೂ ಆಗ ಅಲ್ಲಿದ್ದನು.

ಪುನರುತ್ಥಾನದ ಸಾಕ್ಷಿಗಳ ಪಟ್ಟಿಯಲ್ಲಿ ಮೊದಲ ಹೆಸರು ಕೇಫನದು, ಅಂದರೆ ಪೇತ್ರನದು. ಅವನಿಗಿಂತ ಹೆಚ್ಚಿನ ಅಧಿಕಾರವನ್ನು ಇಂದಿನ ಯಾವ ಪಾಲಕರೂ ಹೇಳಿಕೊಳ್ಳಲಾರರು. ಆದರೆ ಅವನು ಅಂತಿಯೋಕ್ಯದಲ್ಲಿ ಅನ್ಯಜನರಿಂದ ಬಂದ ವಿಶ್ವಾಸಿಗಳ ಜೊತೆ ಊಟಕ್ಕೆ ಕೂರುವುದನ್ನು ಬಿಟ್ಟಾಗ, ಪೌಲನು ಎಲ್ಲರ ಮುಂದೆ ಅವನನ್ನು ಮುಖಾಮುಖಿಯಾಗಿ ಎದುರಿಸಿದನು. ಅದನ್ನು ಬರೆದಿಡಲು ಹಿಂಜರಿಯಲಿಲ್ಲ, ಸಭೆಯು ಆ ಬರಹವನ್ನು ಪವಿತ್ರ ಗ್ರಂಥದಲ್ಲಿ ಉಳಿಸಿಕೊಂಡಿತು. ನಿಮ್ಮ ವಶದಲ್ಲಿರುವವರ ಮೇಲೆ ದೊರೆತನ ಮಾಡಬೇಡಿರಿ ಎಂದು ಸಭೆಯ ಹಿರಿಯರಿಗೆ ಬುದ್ಧಿ ಹೇಳಿದ ಪತ್ರಿಕೆಯೂ ಪೇತ್ರನ ಹೆಸರಿನದೇ.

ಇನ್ನು ಲೆಕ್ಕದ ವಿಷಯ. ಯೆರೂಸಲೇಮಿನ ಬಡವರಿಗಾಗಿ ಸಭೆಗಳಿಂದ ಕೂಡಿಸಿದ ದೊಡ್ಡ ಮೊತ್ತವನ್ನು ಒಯ್ಯುವಾಗ ಪೌಲನು ಅದನ್ನು ತಾನೊಬ್ಬನೇ ಇಟ್ಟುಕೊಳ್ಳಲಿಲ್ಲ. ಸಭೆಗಳವರೇ ಆರಿಸಿದ ಒಬ್ಬ ಸಹೋದರನು ಆ ಹಣದ ಜೊತೆಗೆ ಪ್ರಯಾಣ ಮಾಡುವಂತೆ ಏರ್ಪಾಡಾಗಿತ್ತು. ಈ ಧರ್ಮಕಾರ್ಯದಲ್ಲಿ ಯಾರೂ ತಮ್ಮ ಮೇಲೆ ತಪ್ಪು ಹೊರಿಸದಂತೆ, ಕರ್ತನ ಮುಂದೆ ಮಾತ್ರವಲ್ಲದೆ ಮನುಷ್ಯರ ಮುಂದೆಯೂ ಸರಿಯಾಗಿರುವುದನ್ನು ತಾವು ಯೋಚಿಸುತ್ತೇವೆಂದು ಅವನು ಅದರ ಕಾರಣವನ್ನು ಹೇಳುತ್ತಾನೆ. ಇದು ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯ 8ನೆಯ ಅಧ್ಯಾಯದಲ್ಲಿ, 19ರಿಂದ 21ರವರೆಗಿನ ವಚನಗಳಲ್ಲಿದೆ. ಮುಂದಿನ ಸಭಾಕೂಟಕ್ಕೆ ಹೋಗುವಾಗ ಆ ಪುಟವನ್ನು ಗುರುತು ಮಾಡಿಕೊಂಡು ಹೋಗಿ, ಎಲ್ಲರ ಮುಂದೆ ಗಟ್ಟಿಯಾಗಿ ಓದಿ, ಆಮೇಲೆ ಲೆಕ್ಕ ಕೇಳಿ.